ಇಡೋದು ಸುಲಭ, ವಾಪಸ್ ತರೋದು? ಫೋಟೋ ಬ್ಯಾಕಪ್ ಆರಿಸುವವರಿಗೆ

ನವರಾತ್ರಿಗೆ ಗೊಂಬೆ ಕೂರಿಸಲು ಅಟ್ಟದಿಂದ ಪೆಟ್ಟಿಗೆ ಇಳಿಸುತ್ತಿದ್ದೆವು. ಪಟ್ಟದ ಗೊಂಬೆಗಳಿದ್ದ ಟ್ರಂಕು ಸರಿಯಾಗಿಯೇ ಇಳಿಯಿತು. ಅದರ ಮೇಲೆ ಯಾರೋ ಇಟ್ಟಿದ್ದ ಪುಟ್ಟ ಕಪ್ಪು ಡಬ್ಬಿ ಮಾತ್ರ ಜಾರಿ ನೆಲಕ್ಕೆ ಬಿತ್ತು. ಗೊಂಬೆ ಒಡೆಯಲಿಲ್ಲವಲ್ಲ ಅಂತ ಎಲ್ಲರಿಗೂ ಸಮಾಧಾನ. ಆ ಕಪ್ಪು ಡಬ್ಬಿ ನಮ್ಮ ಹಾರ್ಡ್ ಡಿಸ್ಕ್. 2011ರಿಂದ 2016ರವರೆಗಿನ ಫೋಟೋಗಳು ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಯಾರೋ ಇಟ್ಟಿದ್ದ ಅಂದೆನಲ್ಲ, ಇಟ್ಟವಳು ನಾನೇ.

ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಟಕ್ ಟಕ್ ಅಂತ ಸದ್ದು, ಅಷ್ಟೇ. ಬೆಂಗಳೂರಿನ ಒಂದು ರಿಕವರಿ ಅಂಗಡಿಯವರು 28,000 ರೂಪಾಯಿ ಕೇಳಿದರು, ಗ್ಯಾರಂಟಿ ಇಲ್ಲ ಅಂದರು. ಕೊಟ್ಟೆವು. ಅರ್ಧದಷ್ಟು ಬಂತು. ಮಗಳು ಮೊದಲ ದಿನ ಸ್ಕೂಲಿಗೆ ಹೋದ ಫೋಟೋ ಬಂತು. ಮಾವನವರು ನಮ್ಮ ಜೊತೆ ಜಂಬೂ ಸವಾರಿ ನೋಡಿದ ಕೊನೆಯ ದಸರಾ ಬರಲಿಲ್ಲ.

ಆಮೇಲೆ ಆನ್‌ಲೈನ್ ಬ್ಯಾಕಪ್ ಸೇವೆಗಳ ಬೆನ್ನು ಹತ್ತಿದೆ. ಎಲ್ಲರೂ ಎಷ್ಟು ಜಿಬಿ ಕೊಡುತ್ತೇವೆ ಅಂತಲೇ ಶುರು ಮಾಡುತ್ತಾರೆ. ನಾವೂ ಅದನ್ನೇ ನೋಡುತ್ತೇವೆ, ಬಾಡಿಗೆ ಮನೆಗೆ ಹೋದವರು ರೂಮು ಎಷ್ಟು ಅಂತ ಕೇಳಿದ ಹಾಗೆ. ಕೇಳಬೇಕಾದ್ದು ಬೇರೆ. ಒಳಗೆ ಹಾಕಿದ ಫೋಟೋ ವಾಪಸ್ ಬರುವುದು ಹೇಗೆ? ತಪ್ಪಿ ಅಳಿಸಿದರೆ ಎಷ್ಟು ದಿನ ಸಮಯ? ದುಡ್ಡು ಕಟ್ಟುವುದು ಮರೆತರೆ ಏನಾಗುತ್ತದೆ? ಪಾಸ್‌ವರ್ಡ್ ಗೊತ್ತಿದ್ದವರೇ ಇಲ್ಲದಿದ್ದರೆ? ಈ ಹೋಲಿಕೆಯನ್ನು ನಾನು ಈ ಪ್ರಶ್ನೆಗಳ ಮೇಲೇ ಮಾಡಿದ್ದೇನೆ. ಜಿಬಿ ಲೆಕ್ಕವೂ ಇದೆ, ಆದರೆ ಅದು ಆಮೇಲಿನ ಮಾತು.

ಮೊದಲು ಮನೆಯ ಲೆಕ್ಕ

ನಮ್ಮ ಮನೆ ಮೈಸೂರಿನ ಸರಸ್ವತೀಪುರಂನಲ್ಲಿ. ನನ್ನದೂ ಅತ್ತೆಯದೂ ಆಂಡ್ರಾಯ್ಡ್ ಫೋನು. ಅತ್ತೆ ಇರುವುದು ಪಾಂಡವಪುರದ ಹತ್ತಿರ ಊರಿನಲ್ಲಿ. ಮಗಳದು ಐಫೋನ್. ಯಜಮಾನರಿಗೆ ಹಕ್ಕಿಗಳ ಹುಚ್ಚು, ದೊಡ್ಡ ಕ್ಯಾಮೆರಾ ಇದೆ. ನಾಲ್ಕು ಜನರಿಗೆ ನಾಲ್ಕು ಥರದ ಅಗತ್ಯ. ಒಂದೇ ಸೇವೆ ಎಲ್ಲರಿಗೂ ಹೊಂದುತ್ತದೆ ಅಂತ ನಾನು ಎರಡು ತಿಂಗಳು ಒದ್ದಾಡಿ ಕೈಬಿಟ್ಟೆ.

ಫೋನಿನಲ್ಲಿ ತೆಗೆದ ಒಂದು ಫೋಟೋ 3ರಿಂದ 5 ಎಂಬಿ. ದೊಡ್ಡ ಕ್ಯಾಮೆರಾದ ರಾ ಫೈಲ್, ಅಂದರೆ ಹಿಂಡದೆ ಇಟ್ಟ ಅಸಲಿ, ಒಂದಕ್ಕೆ 25 ಎಂಬಿ, ಕೆಲವು ಸಲ ಇನ್ನೂ ಜಾಸ್ತಿ. 4ಕೆ ವಿಡಿಯೋ ಒಂದು ನಿಮಿಷಕ್ಕೆ 350 ಎಂಬಿ ಮುಟ್ಟುತ್ತದೆ. ಅಂಬಾರಿ ಬರುವ ಹತ್ತು ನಿಮಿಷ ಹಿಡಿದರೆ ಮೂರೂವರೆ ಜಿಬಿ ಹೋಯಿತು. ಯಜಮಾನರು ರಂಗನತಿಟ್ಟಿನಲ್ಲಿ ಒಂದು ಬೆಳಗ್ಗೆ ದೋಣಿಯಲ್ಲಿ ಕೂತು ಒಂದೇ ಜಾತಿಯ ಕೊಕ್ಕರೆಯನ್ನು 600 ಸಲ ಕ್ಲಿಕ್ಕಿಸಿದರು. 600 ಗುಣಿಸು 25. ಹದಿನೈದು ಜಿಬಿ. ಗೂಗಲ್ ಜೀವಮಾನಕ್ಕೆ ಪುಕ್ಕಟೆ ಕೊಡುವ ಜಾಗ ಸರಿಯಾಗಿ ಅಷ್ಟೇ.

ಇದಕ್ಕೆ ಎದುರಾಗಿ ಇನ್ನೊಂದು ನೋಡಿ. ಎರಡೂ ಕಡೆಯ ಹಳೆಯ ಆಲ್ಬಂಗಳನ್ನು ಸ್ಕ್ಯಾನ್ ಮಾಡಿಸಿದ್ದೇವೆ, 900 ಚಿಲ್ಲರೆ ಫೋಟೋ. 4×6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ ಎಂಟೂವರೆ ಮೆಗಾಪಿಕ್ಸೆಲ್ ಬರುತ್ತದೆ, ಜೆಪೆಗ್ ಮಾಡಿದರೆ ನಾಲ್ಕೈದು ಎಂಬಿ. ಎಲ್ಲಾ ಸೇರಿ 4 ಜಿಬಿ. ಮೂರು ತಲೆಮಾರಿನ ಮದುವೆ, ನಾಮಕರಣ, ಜಾತ್ರೆ ಎಲ್ಲವೂ ಸೇರಿ ಒಂದು ಕೊಕ್ಕರೆಯ ಮೂರನೇ ಒಂದು ಭಾಗವೂ ಇಲ್ಲ! ಬೆಲೆ ಕಟ್ಟಲಾಗದ್ದು ಕಡಿಮೆ ಜಾಗ ಹಿಡಿಯುತ್ತದೆ, ಇದು ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ನಿಜ. ಹಾಗಾಗಿ ಒಟ್ಟು ಮೊತ್ತ ನೋಡಿ ಹೆದರಬೇಡಿ. ಮೊದಲು ಆ 4 ಜಿಬಿಯನ್ನು ಎರಡು ಕಡೆ ಸೇರಿಸಿ. ಅದು ಪುಕ್ಕಟೆ ಜಾಗದಲ್ಲೇ ಆಗುತ್ತದೆ.

ನಮ್ಮ ಒಟ್ಟು ಲೆಕ್ಕ 740 ಜಿಬಿ. ಅದರಲ್ಲಿ 500ಕ್ಕೂ ಮೇಲೆ ಹಕ್ಕಿಗಳು.

ಇನ್ನು ಮೇಲಕ್ಕೆ ಕಳಿಸುವ ವೇಗ. ಜಾಹೀರಾತಿನಲ್ಲಿ ಹೇಳುವುದು ಡೌನ್‌ಲೋಡ್ ವೇಗ, ನಮಗೆ ಬೇಕಾದ್ದು ಅಪ್‌ಲೋಡ್. ಅದು 10 ಎಂಬಿಪಿಎಸ್ ಇದ್ದರೆ ಗಂಟೆಗೆ ನಾಲ್ಕೂವರೆ ಜಿಬಿ ಹೋಗುತ್ತದೆ. ನಮ್ಮ 740 ಜಿಬಿಗೆ ಹಗಲೂ ರಾತ್ರಿ ಒಂದು ವಾರ. ಫೈಬರ್ ಲೈನಿನಲ್ಲಿ 50 ಇದ್ದರೆ ಒಂದೂವರೆ ದಿನ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಡೇಟಾದಲ್ಲಿ ಮಾಡುತ್ತೇನೆ ಅಂದರೆ 493 ದಿನ, ಅದೂ ಬೇರೇನೂ ನೋಡದೆ. ಊರಿನಲ್ಲಿರುವವರು ಫೋಟೋಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಪೇಟೆಯ ನೆಂಟರ ಮನೆಗೆ ಬರುವುದೇ ಜಾಣತನ. ಮೊದಲ ಸಲ ಮಾತ್ರ ಈ ಕಷ್ಟ. ಆಮೇಲೆ ಹೊಸದಷ್ಟೇ ಹೋಗುತ್ತದೆ.

ಕನ್ನಡಿಯೂ ನಕಲೂ ಒಂದೇ ಅಲ್ಲ

ಎಲ್ಲ ಸೇವೆಗಳನ್ನೂ ಎರಡು ಗುಂಪು ಮಾಡಬಹುದು. ಇದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಮೊದಲನೆಯದು ಸಿಂಕ್. ಗೂಗಲ್ ಫೋಟೋಸ್, ಐಕ್ಲೌಡ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಈ ಜಾತಿ. ಇವು ಕನ್ನಡಿ ಇದ್ದ ಹಾಗೆ. ಇಲ್ಲಿ ಏನಿದೆಯೋ ಅಲ್ಲೂ ಅದೇ. ಕನ್ನಡಿ ಮುಂದೆ ಕೂತು ತಲೆ ಬೋಳಿಸಿಕೊಂಡರೆ ಕನ್ನಡಿಯೊಳಗೆ ಕೂದಲು ಉಳಿಯುತ್ತದಾ? ಫೋನಿನ ಆ ಆ್ಯಪ್‌ನಲ್ಲಿ ಫೋಟೋ ಅಳಿಸಿದರೆ ಮೇಲಿನದೂ ಹೋಯಿತು.

ಎರಡನೆಯದು ನಿಜವಾದ ಬ್ಯಾಕಪ್. ಬ್ಯಾಕ್‌ಬ್ಲೇಜ್, ಐಡ್ರೈವ್ ಈ ಜಾತಿ. ಇವು ನಕಲು ತೆಗೆದು ಬೇರೆ ಕಡೆ ಇಡುತ್ತವೆ. ಇಲ್ಲಿ ಅಳಿಸಿದರೂ ಅಲ್ಲಿ ತುಂಬಾ ದಿನ ಉಳಿಯುತ್ತದೆ. ಆದರೆ ನೋಡಲು ಚೆಂದವಿಲ್ಲ. ಹೆಚ್ಚಾಗಿ ಬರೀ ಫೋಲ್ಡರು.

ಕನ್ನಡಿಯಲ್ಲೂ ಒಂದು ಕರುಣೆ ಇದೆ, ಕಸದ ಬುಟ್ಟಿ. ಅದನ್ನು ಅತ್ತೆಯ ಫೋನು ನಮಗೆ ಕಲಿಸಿತು. ಜಾಗ ತುಂಬಿದೆ ಅಂತ ಫೋನು ದಿನಾ ಕೂಗುತ್ತಿತ್ತು. ಪಕ್ಕದ ಮನೆ ಹುಡುಗ "ಕ್ಲೀನ್ ಮಾಡಿಕೊಡ್ತೀನಿ ಅಜ್ಜಿ" ಅಂತ ಹಳೆಯ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸಿದ. ಶುಭೋದಯದ ಗುಲಾಬಿ ಹೂವುಗಳನ್ನು ಮಾತ್ರ ಹಾಗೇ ಬಿಟ್ಟಿದ್ದ. ನಮಗೆ ಗೊತ್ತಾಗಿದ್ದು ಮೂರು ವಾರ ಆದ ಮೇಲೆ, ನಾವು ಊರಿಗೆ ಹೋದಾಗ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಎಲ್ಲಾ ಸಿಕ್ಕಿತು. ಐಕ್ಲೌಡ್ ಮತ್ತು ಒನ್‌ಡ್ರೈವ್‌ನಲ್ಲಿ ಆ ಗಡುವು 30 ದಿನ. ನೀವು ಊರಿಗೆ ಹೋಗುವುದು ಎರಡು ತಿಂಗಳಿಗೊಮ್ಮೆ ಅಂತಾದರೆ ಈ 30 ಮತ್ತು 60ರ ವ್ಯತ್ಯಾಸ ದೊಡ್ಡದು.

ಗೂಗಲ್ ಫೋಟೋಸ್

ಹೆಚ್ಚಿನವರ ಮನೆಯಲ್ಲಿ ಇದು ಆಗಲೇ ಇದೆ. 2015ರಲ್ಲಿ ಶುರುವಾಯಿತು. 2021ರ ಜೂನ್ 1ರವರೆಗೆ ಸ್ವಲ್ಪ ಕುಗ್ಗಿಸಿದ ಫೋಟೋಗಳಿಗೆ ಮಿತಿಯೇ ಇರಲಿಲ್ಲ. ಆ ದಿನದಿಂದ ಎಲ್ಲವೂ 15 ಜಿಬಿ ಲೆಕ್ಕಕ್ಕೆ ಬಂತು. ಆ ಹದಿನೈದನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2024ರಿಂದ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ ಸೇರುತ್ತಿದೆ. ಮದುವೆ ಮನೆ ಗ್ರೂಪು ನಾಲ್ಕಿದ್ದರೆ ಮುಗೀತು.

ದುಡ್ಡು ಕೊಟ್ಟರೆ 100 ಜಿಬಿಗೆ ತಿಂಗಳಿಗೆ 130 ರೂಪಾಯಿ, 200 ಜಿಬಿಗೆ 210, 2 ಟಿಬಿಗೆ (ಸುಮಾರು ಎರಡು ಸಾವಿರ ಜಿಬಿ) 650 ಆಸುಪಾಸು. ದರ ಬದಲಾಗುತ್ತಿರುತ್ತದೆ, ಕಟ್ಟುವ ಮುಂಚೆ ಒಂದು ಸಲ ನೋಡಿಕೊಳ್ಳಿ. ಒಬ್ಬರು ಕಟ್ಟಿದರೆ ಮನೆಯ ಇನ್ನೂ ಐದು ಜನ ಜಾಗ ಹಂಚಿಕೊಳ್ಳಬಹುದು. ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ, ಆ ಹೆದರಿಕೆ ಬೇಡ.

ಹುಡುಕುವುದರಲ್ಲಿ ಇದನ್ನು ಮೀರಿಸುವುದನ್ನು ನಾನು ಕಂಡಿಲ್ಲ. ಮಗುವಿನ ಮುಖ ಒತ್ತಿದರೆ ತೊಟ್ಟಿಲಿನಿಂದ ಪಿಯುಸಿವರೆಗೆ ಸಾಲಾಗಿ ಬರುತ್ತದೆ. ಹತ್ತು ಸಾವಿರ ಫೋಟೋ ಇದ್ದು ಬೇಕಾದ್ದು ಸಿಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಆ ಮಟ್ಟಿಗೆ ಹುಡುಕಾಟವೂ ಒಂದು ಥರದ ವಾಪಸಾತಿ.

ಮೂರು ಎಚ್ಚರಿಕೆ. ಸ್ಟೋರೇಜ್ ಸೇವರ್ ಅಂತ ಇಟ್ಟಿದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡದು ಕುಗ್ಗುತ್ತದೆ, ವಿಡಿಯೋ 1080ಪಿಗೆ ಇಳಿಯುತ್ತದೆ, ಚಿಕ್ಕ ಫೋಟೋವನ್ನೂ ಸ್ವಲ್ಪ ಹಿಂಡುತ್ತದೆ. ಅಸಲಿ ಅಳಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಎರಡನೆಯದು, ಅದು ತಾನಾಗಿ ತೆಗೆದುಕೊಳ್ಳುವುದು ಕ್ಯಾಮೆರಾ ಫೋಲ್ಡರ್ ಮಾತ್ರ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಬೇಕಿದ್ದರೆ ಆ ಫೋಲ್ಡರನ್ನು ನೀವೇ ಆನ್ ಮಾಡಬೇಕು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು: ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯುವುದು. ಅದಕ್ಕೆ ಟೇಕೌಟ್ ಅಂತ ಒಂದು ದಾರಿ ಇದೆ. ಜಿಪ್ ಫೈಲುಗಳ ಕಂತೆ ಬರುತ್ತದೆ. ಪ್ರತಿ ಫೋಟೋದ ಜೊತೆ ಜೇಸನ್ ಅಂತ ಒಂದು ಚೂರು ಫೈಲ್. ನೀವು ಗೂಗಲ್ ಒಳಗೆ ತಿದ್ದಿದ ದಿನಾಂಕ, ಬರೆದ ವಿವರ ಆ ಚೂರಿನಲ್ಲಿರುತ್ತದೆ, ಫೋಟೋದ ಒಳಗೆ ಇರುವುದಿಲ್ಲ. ಅಂದರೆ ಆಲ್ಬಂ ಹಿಂದೆ ಬರೆದ ಹೆಸರುಗಳನ್ನೆಲ್ಲ ಕಿತ್ತು ಬೇರೆ ಚೀಟಿಯಲ್ಲಿ ಕೊಟ್ಟ ಹಾಗೆ. ಜೋಡಿಸಲು ಬೇರೆ ಸಾಫ್ಟ್‌ವೇರ್ ಬೇಕು. ನಾನು ಒಂದು ಭಾನುವಾರ ಪೂರ್ತಿ ಇದರಲ್ಲಿ ಕಳೆದೆ.

ಇನ್ನೊಂದು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, ಈ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಹಳೆಯ ಫೋನಿನ ಹಳೆಯ ಜಿಮೇಲ್‌ನಲ್ಲಿ ಫೋಟೋ ಇದೆ ಅಂತ ನೆಮ್ಮದಿಯಾಗಿರುವವರು ಇವತ್ತೇ ಒಂದು ಸಲ ಲಾಗಿನ್ ಆಗಿ ನೋಡಿ.

ಐಕ್ಲೌಡ್

ಐಫೋನ್ ಇರುವವರಿಗೆ ಇದರಷ್ಟು ತಲೆನೋವಿಲ್ಲದ್ದು ಇನ್ನೊಂದಿಲ್ಲ. ಪುಕ್ಕಟೆ 5 ಜಿಬಿ ಹೆಸರಿಗೆ ಮಾತ್ರ. 50 ಜಿಬಿಗೆ ತಿಂಗಳಿಗೆ 75 ರೂಪಾಯಿ, 200ಕ್ಕೆ 219, 2 ಟಿಬಿಗೆ 749 ಹತ್ತಿರ. ಕುಗ್ಗಿಸುವ ತಂಟೆ ಇಲ್ಲ, ಅಸಲಿಯೇ ಹೋಗುತ್ತದೆ.

ಆದರೆ ಫೋನಿನಲ್ಲಿ ಜಾಗ ಉಳಿಸುವ ಆಯ್ಕೆ ಆನ್ ಇದ್ದರೆ ಅಸಲಿ ಇರುವುದು ಮೇಲೆ ಮಾತ್ರ. ಫೋನಿನಲ್ಲಿರುವುದು ಚಿಕ್ಕ ರೂಪ. ಆಗ ಅದು ಎರಡನೇ ಪ್ರತಿಯಲ್ಲ, ಒಂದೇ ಪ್ರತಿ. ಮಗಳಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದು ಜಗಳ ಬೇಕಾಯಿತು. ಮುಂದೆ ಆಂಡ್ರಾಯ್ಡ್‌ಗೆ ಬರುತ್ತೇನೆ ಅಂದರೆ ಎಲ್ಲವನ್ನೂ ಹೊರಗೆ ತರುವುದು ಸುಲಭವಲ್ಲ. ವೆಬ್‌ಸೈಟಿನಿಂದ ಇಳಿಸುವಾಗ ಒಂದು ಸಲಕ್ಕೆ ಸಾವಿರ ಫೋಟೋ ಅಂತ ಮಿತಿ. ಮ್ಯಾಕ್ ಇದ್ದರೆ ಅಸಲಿಗಳನ್ನು ಅದರಲ್ಲಿ ಇಳಿಸಿಟ್ಟುಕೊಂಡು ಅಲ್ಲಿಂದ ಡಿಸ್ಕ್‌ಗೆ ತೆಗೆಯುವುದು ಒಳ್ಳೆಯದು.

ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ವರ್ಡ್, ಎಕ್ಸೆಲ್‌ಗೆ ಅಂತ ಮೈಕ್ರೋಸಾಫ್ಟ್ 365 ಪರ್ಸನಲ್ ಆಗಲೇ ಕಟ್ಟುತ್ತಿದ್ದರೆ 1 ಟಿಬಿ ಸುಮ್ನೆ ಬಿದ್ದಿರುತ್ತದೆ, ಬಳಸಿ. ಫೋಲ್ಡರ್ ಹೇಗಿಟ್ಟಿರೋ ಹಾಗೇ ಇರುತ್ತದೆ, ಹೊರಗೆ ತರುವುದೂ ಸಲೀಸು. ಡ್ರಾಪ್‌ಬಾಕ್ಸ್ ಪುಕ್ಕಟೆ ಕೊಡುವುದು 2 ಜಿಬಿ. ಫೋಟೋ ಕೆಲಸಕ್ಕೆ ಅದು ದುಬಾರಿ.

ಬ್ಯಾಕ್‌ಬ್ಲೇಜ್, ಐಡ್ರೈವ್: ಕೊಕ್ಕರೆಗಳಿಗಾಗಿ

500 ಜಿಬಿ ಹಕ್ಕಿಗಳು ಇರುವುದು ಕಂಪ್ಯೂಟರ್‌ನಲ್ಲಿ, ಫೋನಿನಲ್ಲಲ್ಲ. ಇಲ್ಲಿ ಹೋಲಿಕೆ ನಿಜಕ್ಕೂ ಸ್ವಾರಸ್ಯವಾಗುತ್ತದೆ. ಎರಡೂ ಅಮೆರಿಕದ ಕಂಪನಿಗಳು, ಎರಡರ ಸ್ವಭಾವ ಬೇರೆ.

ಬ್ಯಾಕ್‌ಬ್ಲೇಜ್ 2007ರಿಂದ ಇದೆ. ಒಂದು ಕಂಪ್ಯೂಟರ್‌ಗೆ ವರ್ಷಕ್ಕೆ 99 ಡಾಲರ್, ಅಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ. ಎಷ್ಟು ಬೇಕಾದರೂ ಹಾಕಿ, ಜಿಬಿ ಲೆಕ್ಕವೇ ಇಲ್ಲ. ಆ ಕಂಪ್ಯೂಟರ್‌ಗೆ ಸಿಕ್ಕಿಸಿದ ಹೊರಗಿನ ಡಿಸ್ಕ್‌ಗಳೂ ಅದರಲ್ಲೇ ಸೇರುತ್ತವೆ. ಒಂದು ಸಲ ಹಾಕಿ ಬಿಟ್ಟರೆ ಹಿಂದೆ ತಾನಾಗಿ ಓಡುತ್ತಿರುತ್ತದೆ, ಯಜಮಾನರಂಥ ಮರೆವಿನವರಿಗೆ ಅದೇ ದೊಡ್ಡ ಗುಣ. ಫೋನುಗಳಿಗೆ ಇದು ಆಗುವುದಿಲ್ಲ. ಮನೆಯ ನೆಟ್‌ವರ್ಕ್‌ನಲ್ಲಿ ಕೂತು ಎಲ್ಲರ ಫೈಲ್ ಇಟ್ಟುಕೊಳ್ಳುವ ನ್ಯಾಸ್ ಡಬ್ಬಿಗಳನ್ನೂ ಮುಟ್ಟುವುದಿಲ್ಲ. ಹೊರಗಿನ ಡಿಸ್ಕನ್ನು ಆಗಾಗ ಸಿಕ್ಕಿಸುತ್ತಿರಬೇಕು. ತಿಂಗಳುಗಟ್ಟಲೆ ಅಟ್ಟದಲ್ಲಿ ಇಟ್ಟು ಮರೆತರೆ, ಅಳಿಸಿದ್ದಾರೆ ಅಂತ ಅಂದುಕೊಂಡು ಗಡುವಿನ ನಂತರ ಅಲ್ಲಿಂದಲೂ ತೆಗೆಯುತ್ತದೆ. ಗಡುವು ಎಷ್ಟು ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ, ಒಂದು ವರ್ಷಕ್ಕೆ ಇಟ್ಟುಕೊಳ್ಳಿ.

ಐಡ್ರೈವ್ ಇದಕ್ಕೆ ತಿರುಗುಮುರುಗು. ಜಾಗಕ್ಕೆ ಮಿತಿ ಇದೆ, ಉಪಕರಣಗಳಿಗೆ ಮಿತಿ ಇಲ್ಲ. ಫೋನು, ಲ್ಯಾಪ್‌ಟಾಪು, ಹೊರಗಿನ ಡಿಸ್ಕು, ನ್ಯಾಸ್ ಎಲ್ಲವೂ ಒಂದೇ ಖಾತೆಗೆ. ಇನ್ನೊಂದು ದೊಡ್ಡ ಗುಣ, ನೀವಾಗಿ ಹೇಳುವವರೆಗೆ ಅದು ಮೇಲಿನದನ್ನು ಅಳಿಸುವುದಿಲ್ಲ. ಡಿಸ್ಕ್ ಎರಡು ವರ್ಷ ಬೀರುವಿನಲ್ಲಿದ್ದರೂ ಸರಿ. ಮೊದಲ ವರ್ಷದ ರಿಯಾಯಿತಿ ದರ ನೋಡಿ ಮರುಳಾಗಬೇಡಿ, ಎರಡನೇ ವರ್ಷದಿಂದ ಎಷ್ಟು ಅಂತ ನೋಡಿ. ಅದೇ ನಿಜವಾದ ಬೆಲೆ.

ವಾಪಸ್ ತರುವುದು ಎರಡರಲ್ಲೂ ಡೌನ್‌ಲೋಡ್ ಮೂಲಕ. ಡಿಸ್ಕ್‌ನಲ್ಲಿ ತುಂಬಿ ಅಂಚೆಯಲ್ಲಿ ಕಳಿಸುವ ವ್ಯವಸ್ಥೆಯೂ ಇದೆ ಅಂತ ಹೇಳಿಕೊಳ್ಳುತ್ತಾರೆ, ಮೈಸೂರಿನಲ್ಲಿ ಕೂತವರಿಗೆ ಅದು ದೂರದ ಮಾತು. ಯಜಮಾನರ 500 ಜಿಬಿ ಒಟ್ಟಿಗೆ ಬೇಕಾದರೆ ನಮ್ಮ ಲೈನಿನಲ್ಲಿ ಎರಡು ದಿನ. ಒಂದೇ ಫೋಲ್ಡರ್ ಬೇಕಾದರೆ ಕಾಫಿ ಕುಡಿಯುವಷ್ಟರಲ್ಲಿ ಬರುತ್ತದೆ. ನಾವು ಬ್ಯಾಕ್‌ಬ್ಲೇಜ್ ತೆಗೆದುಕೊಂಡೆವು. ಕಾರಣ ಒಂದೇ, ಯಜಮಾನರಿಗೆ ಮಿತಿ ಅಂತ ಒಂದಿದ್ದರೆ ಅದನ್ನು ಅವರು ಮೀರುತ್ತಾರೆ.

ಎರಡರಲ್ಲೂ ನಿಮ್ಮದೇ ಗುಪ್ತ ಕೀಲಿ ಹಾಕುವ ಆಯ್ಕೆ ಇದೆ. ಹಾಕಿದರೆ ಕಂಪನಿಯವರ ಹತ್ತಿರ ಆ ಕೀಲಿ ಇರುವುದಿಲ್ಲ. ಆದರೆ ಕೀಲಿ ಕಳೆದುಕೊಂಡರೆ ಫೋಟೋ ಕಳೆದುಕೊಂಡಂತೆಯೇ, ಯಾರ ಕಾಲು ಹಿಡಿದರೂ ಬರುವುದಿಲ್ಲ. ಬ್ಯಾಂಕ್ ಕಾಗದಗಳಿಗೆ ಹಾಕಿ. ಕೊಕ್ಕರೆಗೆ ಯಾಕೆ?

ಯಾರೂ ನೋಡಬಾರದು ಅನ್ನುವವರಿಗೆ

ಮಕ್ಕಳ ಫೋಟೋ, ಮನೆಯ ಒಳಗಿನ ಫೋಟೋ ಯಾವ ಕಂಪನಿಯ ಕಣ್ಣಿಗೂ ಬೀಳಬಾರದು ಅನ್ನುವವರಿಗೆ ಎಂಟೆ ಅಂತ ಒಂದು ಸೇವೆ ಇದೆ. ಮಲಯಾಳದಲ್ಲಿ ಅದಕ್ಕೆ ನನ್ನ ಅಂತ ಅರ್ಥ, ನಮ್ಮ ಎಂಟೆದೆಗೂ ಅದಕ್ಕೂ ಸಂಬಂಧವಿಲ್ಲ. ಫೋಟೋ ನಿಮ್ಮ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ, ಬೀಗದ ಕೈ ನಿಮ್ಮ ಹತ್ತಿರ ಮಾತ್ರ. ಮುಖ ಗುರುತಿಸುವ ಕೆಲಸವೂ ಫೋನಿನ ಒಳಗೇ ನಡೆಯುತ್ತದೆ. ಮರಳಿ ಪಡೆಯಲು 24 ಪದಗಳ ಒಂದು ಸಾಲು ಕೊಡುತ್ತಾರೆ. ಅದನ್ನು ಫೋನಿನಲ್ಲೇ ಬರೆದಿಟ್ಟುಕೊಂಡರೆ ಮನೆ ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕಾಗದದಲ್ಲಿ ಬರೆದು ಎಲ್ಐಸಿ ಬಾಂಡ್ ಇರುವ ಕವರಿಗೆ ಸೇರಿಸಿ.

ಮಂಡ್ಯ, ಮದ್ದೂರಿನ ಕಡೆ ಮದುವೆ ಸ್ಟುಡಿಯೋ ನಡೆಸುವವರ ಕಷ್ಟ ಬೇರೆಯೇ. ಫೋಟೋ, ವಿಡಿಯೋ, ಡ್ರೋನು ಸೇರಿ ಒಂದೇ ಮದುವೆ 200 ಜಿಬಿ ದಾಟುತ್ತದೆ. ಲಗ್ನದ ಸೀಸನ್‌ನಲ್ಲಿ ವಾರಕ್ಕೆ ಮೂರು ಮದುವೆ. ಅಷ್ಟನ್ನೂ ಮೇಲಕ್ಕೆ ಕಳಿಸುತ್ತೇನೆ ಅಂದರೆ ಲೈನು ಸಾಯುತ್ತದೆ. ಅನ್‌ಲಿಮಿಟೆಡ್ ಅಂತ ಹೇಳುವ ಹಲವು ಫೈಬರ್ ಪ್ಲಾನ್‌ಗಳಿಗೂ ತಿಂಗಳಿಗೆ 3,300 ಜಿಬಿ ಮಿತಿ ಇದೆ, ಅದು ಗೊತ್ತಿರಲಿ. ಅವರು ಕ್ಯಾಮೆರಾ ಕಾರ್ಡಿನಲ್ಲಿರುವ ಅಸಲಿಯನ್ನು ಅದೇ ರಾತ್ರಿ ಎರಡು ಡಿಸ್ಕ್‌ಗೆ ಹಾಕಿ, ಎರಡನ್ನೂ ಬೇರೆ ಬೇರೆ ಕಟ್ಟಡದಲ್ಲಿಡಬೇಕು. ಮುಗಿದ ಆಲ್ಬಂನ ಫೋಟೋಗಳನ್ನು ಮಾತ್ರ ಆನ್‌ಲೈನ್‌ಗೆ ಕಳಿಸಿದರೆ ಸಾಕು.

ಮುಚ್ಚಿಹೋಗುವ ಅಂಗಡಿಗಳು

ಆರ್ಕುಟ್ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಪಿಕಾಸಾ 2016ರಲ್ಲಿ ಹೋಯಿತು. ಫ್ಲಿಕರ್ 2013ರಲ್ಲಿ ಎಲ್ಲರಿಗೂ 1 ಟಿಬಿ ಪುಕ್ಕಟೆ ಕೊಟ್ಟು, 2018ರಲ್ಲಿ ಕೈ ಬದಲಾಗಿ, ಸಾವಿರ ಫೋಟೋ ಮಾತ್ರ ಅಂದಿತು. ಮನೆಯವರಿಗೆ ಅಂತ ಇದ್ದ ಕ್ರಾಶ್‌ಪ್ಲಾನ್ ಸೇವೆಯೂ ಅದೇ 2018ರಲ್ಲಿ ನಿಂತಿತು. ಇವರೆಲ್ಲ ಮುಂಚಿತವಾಗಿ ಸೂಚನೆ ಕೊಟ್ಟಿದ್ದರು. ಓದಿದವರು ಎಷ್ಟು ಜನ ಅನ್ನುವುದೇ ಪ್ರಶ್ನೆ. ಒಂದು ಸಲ ಕಟ್ಟಿ, ಜೀವನಪೂರ್ತಿ ಬಳಸಿ ಅನ್ನುವ ಆಫರ್‌ಗಳನ್ನು ನಾನು ಇದೇ ಕಾರಣಕ್ಕೆ ನಂಬುವುದಿಲ್ಲ. ಯಾರ ಜೀವನ, ನಮ್ಮದಾ ಕಂಪನಿಯದಾ?

ಕಂಪನಿ ಇದ್ದು ನಾವೇ ತಪ್ಪಿಸಿಕೊಳ್ಳುವುದೂ ಉಂಟು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿ ದುಡ್ಡು ಕಡಿಯಲು ನಾವು ಮೊದಲು ಒಪ್ಪಿಗೆ ಕೊಟ್ಟು ನೋಂದಾಯಿಸಿರಬೇಕು. ಇದು ಒಳ್ಳೆಯ ನಿಯಮವೇ. ಆದರೆ ಹೊರದೇಶದ ಸೇವೆಗಳಿಗೆ ಎಷ್ಟೋ ಸಲ ಪಾವತಿ ನಿಂತುಹೋಗುತ್ತದೆ. ನಮ್ಮ ಕಾರ್ಡ್ ಬದಲಾದ ವರ್ಷ ಒಂದು ಸೇವೆಯ ಪಾವತಿ ಬಿದ್ದುಹೋಯಿತು. ಅವರು ಕಳಿಸಿದ ಎಚ್ಚರಿಕೆಯ ಮೇಲ್‌ಗಳೆಲ್ಲ ಸೀರೆ ಡಿಸ್ಕೌಂಟ್ ಮೇಲ್‌ಗಳ ಮಧ್ಯೆ ಕೂತಿದ್ದವು. ಒಂದು ತಿಂಗಳು ಏನೂ ಬ್ಯಾಕಪ್ ಆಗಿರಲಿಲ್ಲ. ಈಗ ಆ ಸೇವೆಗೆ ತಿಂಗಳ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಕಟ್ಟುತ್ತೇವೆ. ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೆ ಕೆಂಪು ಗುರುತು ಹಾಕಿದ್ದೇವೆ. ಯುಪಿಐ ಆಟೋಪೇ ನಡೆಯುವಲ್ಲಿ ಅದೇ ಸುಲಭ.

ನಾವೇ ಇಲ್ಲದ ದಿನದ ಬಗ್ಗೆಯೂ ಒಂದು ಮಾತು. ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ. 3ರಿಂದ 18 ತಿಂಗಳವರೆಗೆ ನೀವು ಆರಿಸಿದಷ್ಟು ಕಾಲ ಖಾತೆ ಸುಮ್ಮನಿದ್ದರೆ, ನೀವು ಹೇಳಿದವರಿಗೆ ಫೋಟೋಗಳು ಸಿಗುತ್ತವೆ. ಆಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ. ಎರಡೂ ಸೇರಿ ಹತ್ತು ನಿಮಿಷದ ಕೆಲಸ. ಮಾವನವರ ಹಳೆಯ ಇಮೇಲ್‌ನಲ್ಲಿ ಏನಿತ್ತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಮನೆಯ ಡಿಸ್ಕ್ ಬಿಡಬೇಡಿ

ಆನ್‌ಲೈನ್ ಬಂತು ಅಂತ ಡಿಸ್ಕ್ ಎಸೆಯಬೇಡಿ. ಪೀಟರ್ ಕ್ರೋ ಅನ್ನುವ ಫೋಟೋಗ್ರಾಫರ್ ಹೇಳಿ ಜನಪ್ರಿಯವಾದ 3-2-1 ಲೆಕ್ಕ ಇದೆ: ಮೂರು ಪ್ರತಿ, ಎರಡು ಥರದ ಜಾಗ, ಒಂದು ಮನೆಯ ಹೊರಗೆ. ನಮಗೆ ಇದು ಹೊಸದೇನಲ್ಲ. 10ನೇ ಶತಮಾನದಲ್ಲೇ ಅತ್ತಿಮಬ್ಬೆ ಪೊನ್ನನ ಕಾವ್ಯವನ್ನು ಸಾವಿರ ಓಲೆ ಪ್ರತಿ ಮಾಡಿಸಿದಳು. ಎಲ್ಲವನ್ನೂ ತನ್ನ ಮನೆಯಲ್ಲೇ ಪೇರಿಸಿಟ್ಟುಕೊಳ್ಳಲಿಲ್ಲ, ಹಂಚಿದಳು. ಮನೆ ಎಷ್ಟೇ ಗಟ್ಟಿ ಇರಲಿ, ನಮ್ಮ ಮೈಸೂರಿನ ಹಳೆಯ ಮರದ ಅರಮನೆಯೇ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋಯಿತಲ್ಲ.

ಡಿಸ್ಕ್ ಎಷ್ಟು ಗಟ್ಟಿ? ಲಕ್ಷಗಟ್ಟಲೆ ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ತನ್ನಲ್ಲಿ ಕೆಟ್ಟವುಗಳ ಲೆಕ್ಕ ಪ್ರಕಟಿಸುತ್ತದೆ. ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೋಗುತ್ತವೆ. ಅವು ತಂಪು ಕೋಣೆಯಲ್ಲಿ ಅಲುಗಾಡದೆ ಕೂತ ಡಿಸ್ಕ್‌ಗಳು. ಗೊಂಬೆ ಟ್ರಂಕಿನ ಮೇಲೆ ಕೂತವಲ್ಲ.

ಈಗ ನಮ್ಮ ಏರ್ಪಾಡು ಹೀಗಿದೆ. ನನಗೂ ಅತ್ತೆಗೂ ಸೇರಿ ಗೂಗಲ್ 200 ಜಿಬಿ. ಮಗಳಿಗೆ ಐಕ್ಲೌಡ್ 50 ಜಿಬಿ. ಯಜಮಾನರ ಕಂಪ್ಯೂಟರ್‌ಗೆ ಬ್ಯಾಕ್‌ಬ್ಲೇಜ್, ಎಲ್ಲರ ಫೋನಿನ ಫೋಟೋಗಳನ್ನೂ ತಿಂಗಳಿಗೊಮ್ಮೆ ಆ ಕಂಪ್ಯೂಟರ್‌ಗೆ ಇಳಿಸುತ್ತೇವೆ. ಮೂರೂ ಸೇರಿ ವರ್ಷಕ್ಕೆ ಹನ್ನೆರಡು ಸಾವಿರದ ಆಸುಪಾಸು. ರಿಕವರಿ ಅಂಗಡಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆ. ಜೊತೆಗೆ ಒಂದು ಡಿಸ್ಕ್ ಪಾಂಡವಪುರದಲ್ಲಿ ಅತ್ತೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಮಲಗಿದೆ. ಕ್ಯಾಮೆರಾ ಇಲ್ಲದ ಮನೆಗೆ ಬ್ಯಾಕ್‌ಬ್ಲೇಜ್ ಬೇಕಿಲ್ಲ. ಗೂಗಲ್ 100 ಜಿಬಿ ಮತ್ತು ಒಂದು ಡಿಸ್ಕ್ ಇದ್ದರೆ ಆಯಿತು.

ಆಯುಧಪೂಜೆಯ ದಿನ ಆ ಡಿಸ್ಕ್ ಮೈಸೂರಿಗೆ ಬರುತ್ತದೆ. ಒರೆಸಿ, ಕುಂಕುಮ ಇಟ್ಟು, ಸ್ಕೂಟರಿನ ಪಕ್ಕ ಪೂಜೆ. ಕುಂಕುಮ ಡಬ್ಬಿಯ ಮೇಲೆ ಮಾತ್ರ, ಕೇಬಲ್ ತೂರುವ ಕಡೆ ಬೇಡ ಅಂತ ಯಜಮಾನರು ಪ್ರತಿ ವರ್ಷ ಹೇಳುತ್ತಾರೆ. ಆಮೇಲೆ ಪರೀಕ್ಷೆ. ಮನೆಯ ಒಬ್ಬೊಬ್ಬರೂ ಒಂದು ಹಳೆಯ ಫೋಟೋ ಕೇಳಬೇಕು. ಅದನ್ನು ಆನ್‌ಲೈನ್‌ನಿಂದಲೇ ವಾಪಸ್ ತರಬೇಕು, ಡಿಸ್ಕ್ ಮುಟ್ಟುವಂತಿಲ್ಲ.

ಹೋದ ಸಲ ಅತ್ತೆ ಕೇಳಿದ್ದು 2004ರ ಸಂಕ್ರಾಂತಿಗೆ ಊರಿನಲ್ಲಿ ಕಿಚ್ಚು ಹಾಯಿಸಿದ ಫೋಟೋ. ಮಾವನವರು ಎತ್ತಿನ ಹಗ್ಗ ಹಿಡಿದು ಬೆಂಕಿಯ ಪಕ್ಕ ಓಡುತ್ತಿರುವುದು. 2004ರಲ್ಲಿ ಹುಡುಕಿದೆವು, ಇಲ್ಲ. ಮುಕ್ಕಾಲು ಗಂಟೆ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ನಾವು ಆಲ್ಬಂ ಸ್ಕ್ಯಾನ್ ಮಾಡಿಸಿದ ತಿಂಗಳಿನಲ್ಲಿ. ಸ್ಕ್ಯಾನರ್‌ಗೆ ಸಂಕ್ರಾಂತಿ ಯಾವ ವರ್ಷದ್ದು ಅಂತ ಹೇಗೆ ಗೊತ್ತಾಗಬೇಕು? ಆ ರಾತ್ರಿಯಿಂದ ಸ್ಕ್ಯಾನ್ ಮಾಡಿದ ಪ್ರತಿ ಫೈಲಿನ ಹೆಸರಿನಲ್ಲೇ ವರ್ಷ, ಹಬ್ಬ, ಊರು ಬರೆಯುತ್ತಿದ್ದೇವೆ. ಯಾವ ಸೇವೆಯಿಂದ ಯಾವ ಸೇವೆಗೆ ಹೋದರೂ ಫೈಲಿನ ಹೆಸರು ಜೊತೆಗೆ ಬರುತ್ತದೆ.

ನಾನು ಟೈಪ್ ಮಾಡುವುದನ್ನು ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. "ಅದ್ರಲ್ಲಿ ಮುಂದೆ ಹಾರಿದ ಎತ್ತಿನ ಹೆಸ್ರೂ ಹಾಕವ್ವ" ಅಂದರು. ಹಾಕಿದೆ. 2004, ಸಂಕ್ರಾಂತಿ, ಕಿಚ್ಚು, ಮಾವ, ರಾಮ.